ಐರ್ಲೆಂಡಿನ ಜಂಪ್ ರೇಸ್: ಈ ಚಳಿಗಾಲ ಯಾವ ಎಳೆ ಕುದುರೆಯ ಬೆನ್ನು ಹತ್ತೋಣ?

ಐರ್ಲೆಂಡಿಗೆ ಬಂದ ಮೊದಲ ಚಳಿಗಾಲದಲ್ಲಿ ಒಂದು ನೋಟ್‌ಬುಕ್ ತಂದು 31 ಕುದುರೆಗಳ ಹೆಸರು ಬರೆದುಕೊಂಡಿದ್ದೆ. ಯಾರು ಯಾವ ಕುದುರೆಯನ್ನು ಹೊಗಳಿದರೂ ಸರಿ, ಹೆಸರು ಪುಸ್ತಕಕ್ಕೆ. ಕ್ರಿಸ್‌ಮಸ್ ಹೊತ್ತಿಗೆ ಅವುಗಳಲ್ಲಿ ಹತ್ತಿರ ಹತ್ತಿರ ಅರ್ಧ ಲಾಯದಿಂದ ಹೊರಗೇ ಬಂದಿರಲಿಲ್ಲ. ಕೆಲವಕ್ಕೆ ಕಾಲು ನೋವು, ಕೆಲವಕ್ಕೆ ಕೆಮ್ಮು, ಇನ್ನು ಕೆಲವು ಕೈ ಬದಲಾಗಿ ಇಂಗ್ಲೆಂಡಿಗೆ ಹೋಗಿದ್ದವು. ಮಾರ್ಚ್ ಬಂದಾಗ ನನಗೆ ಮನಸ್ಸಿನಲ್ಲಿ ಉಳಿದದ್ದು ಮೂರೇ ಮೂರು. ಈಗ ವರ್ಷಕ್ಕೆ ಐದೇ ಹೆಸರು. ಆ ಐದನ್ನು ಯಾವ ಗುಂಪಿನಿಂದ ಆರಿಸಬೇಕು ಅನ್ನುವುದೇ ಇಲ್ಲಿನ ವಿಷಯ. ಬೆಟ್ ಕಟ್ಟುವ ಮಾತಲ್ಲ ಇದು. ಕ್ರಿಕೆಟ್‌ನಲ್ಲಿ ರಣಜಿ ಆಡುವ ಹುಡುಗನೊಬ್ಬನನ್ನು ಮೆಚ್ಚಿ, ಅವನು ಭಾರತ ತಂಡಕ್ಕೆ ಬರುವ ತನಕ ಸ್ಕೋರ್ ನೋಡುತ್ತಾ ಇರ್ತೀವಲ್ಲ, ಆ ಥರದ ಖುಷಿ.

ಬೆಂಗಳೂರು, ಮೈಸೂರಿನ ರೇಸ್ ನೋಡಿದವರಿಗೆ ಮೊದಲು ಒಂದು ವಿಷಯ ಹೇಳಬೇಕು. ನಮ್ಮಲ್ಲಿ ನಡೆಯುವುದು ಬರೀ ಸಪಾಟು ಓಟ. ಅಲ್ಲಿ ಮೂರು-ನಾಲ್ಕು ವರ್ಷಕ್ಕೇ ಡರ್ಬಿ ಓಡಿ ಮುಗಿಯುತ್ತೆ. ಜಂಪ್ ರೇಸ್ ಅಂದರೆ ತಡೆಗಳನ್ನು ಹಾರುತ್ತಾ ಓಡುವುದು: ಸಣ್ಣ ತಡೆಯಾದರೆ ‘ಹರ್ಡಲ್’, ದೊಡ್ಡ ‘ಫೆನ್ಸ್’ ಆದರೆ ‘ಚೇಸ್’. ಇಲ್ಲಿ ಜಂಪ್ ಕುದುರೆ ಅಂದರೆ ನಾಲ್ಕು, ಐದು, ಆರು ವರ್ಷಕ್ಕೂ ‘ಮರಿ’ಯೇ. ಒಂಬತ್ತು ಹತ್ತಕ್ಕೆ ಅದು ತನ್ನ ಮೇಲ್ಮಟ್ಟ ಮುಟ್ಟಬಹುದು. ಆದ್ದರಿಂದ ಇವತ್ತು ಮೆಚ್ಚಿದ ಕುದುರೆ ಐದು ವರ್ಷ ನಿಮ್ಮ ಜೊತೆ ಇರಬಹುದು.

ಲೆಕ್ಕಕ್ಕೆ ಹೊಸ ಸೀಸನ್ ಶುರುವಾಗುವುದು ಏಪ್ರಿಲ್ ಕೊನೆಯ ಪಂಚ್‌ಸ್ಟೌನ್ ರೇಸ್ ಹಬ್ಬ ಮುಗಿದ ಮೇಲೆ. ಆದರೆ ಒಳ್ಳೆಯ ಎಳೆ ಕುದುರೆಗಳು ಬೇಸಿಗೆಯ ಗಟ್ಟಿ ನೆಲದಲ್ಲಿ ಓಡುವುದು ಕಮ್ಮಿ. ಅಕ್ಟೋಬರ್ ಮಳೆ ಬಿದ್ದು ನೆಲ ಮೆತ್ತಗಾದ ಮೇಲೆ ಒಂದೊಂದಾಗಿ ಹೊರಗೆ ಬರುತ್ತವೆ. ನವೆಂಬರ್ ಮೊದಲಲ್ಲಿ ಡೌನ್ ರಾಯಲ್ ರೇಸ್‌ಕೋರ್ಸ್, ಆಮೇಲೆ ಪಂಚ್‌ಸ್ಟೌನ್, ನ್ಯಾವನ್, ಫೇರಿಹೌಸ್. ಕ್ರಿಸ್‌ಮಸ್ ಮರುದಿನದಿಂದ ನಾಲ್ಕು ದಿನ ಲೆಪರ್ಡ್ಸ್‌ಟೌನ್. ಫೆಬ್ರವರಿ ಮೊದಲ ವಾರದ ಹೊತ್ತಿಗೆ ಅಲ್ಲೇ ಡಬ್ಲಿನ್ ರೇಸಿಂಗ್ ಫೆಸ್ಟಿವಲ್. ಮಾರ್ಚ್‌ನಲ್ಲಿ ಎಲ್ಲರೂ ಸಮುದ್ರ ದಾಟಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ರೇಸ್ ಹಬ್ಬಕ್ಕೆ. ಭಾರತದಿಂದ ನೋಡುವವರಿಗೆ ಇದು ಚೆನ್ನಾಗಿ ಹೊಂದುತ್ತೆ. ಚಳಿಗಾಲದಲ್ಲಿ ಇಲ್ಲಿಗೂ ಅಲ್ಲಿಗೂ ಐದೂವರೆ ಗಂಟೆ ವ್ಯತ್ಯಾಸ. ಇಲ್ಲಿನ ಮಧ್ಯಾಹ್ನದ ರೇಸು ನಿಮಗೆ ಸಂಜೆ ಕಾಫಿ ಹೊತ್ತಿಗೆ.

ಬಂಪರ್ ಕುದುರೆ

ಬಂಪರ್ ಅಂದರೆ ಜಂಪ್ ಕುದುರೆಗಳಿಗೆ ಇಡುವ ಸಪಾಟು ಓಟ. ಸುಮಾರು ಎರಡು ಮೈಲಿ, ಹಾರುವುದು ಏನೂ ಇಲ್ಲ, ಸವಾರರು ಹೆಚ್ಚಾಗಿ ಅಮೆಚೂರ್‌ಗಳು. ಶಾಲೆಗೆ ಸೇರುವ ಮುಂಚಿನ ಅಂಗನವಾಡಿ ಅಂದುಕೊಳ್ಳಿ. ಕುದುರೆಗೆ ದಮ್ಮು ಇದೆಯಾ, ಗುಂಪಿನಲ್ಲಿ ಹೆದರುತ್ತಾ, ಕೊನೆಯಲ್ಲಿ ಕೇಳಿದರೆ ಕೊಡುತ್ತಾ ಅನ್ನುವುದು ಇಲ್ಲಿ ಗೊತ್ತಾಗುತ್ತೆ. ಹಾರುತ್ತಾ ಅನ್ನುವುದು ಮಾತ್ರ ಗೊತ್ತಾಗುವುದಿಲ್ಲ. ಮದುವೆ ಮನೆಯಲ್ಲಿ ಊಟ ಚೆನ್ನಾಗಿತ್ತು ಅಂತ ಸಂಸಾರ ಚೆನ್ನಾಗಿರುತ್ತೆ ಅಂತ ಹೇಳಕ್ಕಾಗಲ್ಲ, ಅಲ್ವಾ?

ಆದರೂ ಈ ಗುಂಪಿನಿಂದ ದೊಡ್ಡವು ಬಂದಿವೆ. ಚೆಲ್ಟನ್‌ಹ್ಯಾಮ್‌ನ ಚಾಂಪಿಯನ್ ಬಂಪರ್ ಅಂದರೆ ಟ್ರೇನರ್ ವಿಲ್ಲಿ ಮಲ್ಲಿನ್ಸ್ ಮನೆಯ ಹಬ್ಬದ ಹಾಗೆ. 1996ರಲ್ಲಿ ವಿದರ್ ಆರ್ ವಿಚ್ ಮೇಲೆ ಅವರೇ ಕೂತು ಗೆದ್ದರು. 1997ರಲ್ಲಿ ಫ್ಲೋರಿಡಾ ಪರ್ಲ್. 2024ರಲ್ಲಿ ಜಾಸ್ಮಿನ್ ಡೆ ವೋ, 2025ರಲ್ಲಿ ಬ್ಯಾಂಬಿನೋ ಫೀವರ್ ಎಂಬ ಹೆಣ್ಣು ಕುದುರೆ. ಜಾಸ್ಮಿನ್ ಡೆ ವೋ ಮರುವರ್ಷ ಮೂರು ಮೈಲಿಯ ಆಲ್ಬರ್ಟ್ ಬಾರ್ಟ್‌ಲೆಟ್ ಹರ್ಡಲ್ ಕೂಡ ಗೆದ್ದಿತು. ಎರಡು ಮೈಲಿಯಿಂದ ಮೂರಕ್ಕೆ! ಬಂಪರ್ ನೋಡಿದಾಗ ಅದು ಯಾವ ದೂರದ ಕುದುರೆ ಎಂದು ಹೇಳುವುದು ಎಷ್ಟು ಕಷ್ಟ ಅಂತ ಇದರಲ್ಲೇ ಗೊತ್ತಾಗುತ್ತೆ.

ಇನ್ನೊಂದು ಕಡೆ ಫೆರ್ನಿ ಹಾಲೋ. 2020ರ ಚಾಂಪಿಯನ್ ಬಂಪರ್ ಗೆದ್ದಿತು. ಆ ನವೆಂಬರ್‌ನಲ್ಲಿ ಗೌರನ್ ಪಾರ್ಕ್‌ನ ಮೇಡನ್ ಹರ್ಡಲ್‌ನಲ್ಲಿ (ಇನ್ನೂ ಒಂದೂ ಹರ್ಡಲ್ ಗೆಲ್ಲದ ಕುದುರೆಗಳ ಓಟ) ಬಾಬ್ ಒಲಿಂಜರ್ ಎಂಬ ಕುದುರೆಯನ್ನು ಸೋಲಿಸಿತು. ಆಮೇಲೆ ಗಾಯದ ಮೇಲೆ ಗಾಯ. ಸೋತ ಬಾಬ್ ಒಲಿಂಜರ್ ಚೆಲ್ಟನ್‌ಹ್ಯಾಮ್‌ನಲ್ಲಿ 2021ರ ಬ್ಯಾಲಿಮೋರ್ ಹರ್ಡಲ್, 2025ರ ಸ್ಟೇಯರ್ಸ್ ಹರ್ಡಲ್ ಎರಡನ್ನೂ ಗೆದ್ದಿತು. ಆ ದಿನ ಎರಡನೆಯದರ ಹೆಸರನ್ನು ಬರೆದುಕೊಂಡವರೇ ಜಾಣರು. ಒಳ್ಳೆಯ ಮೇಡನ್ ಹರ್ಡಲ್ ನೋಡಿದಾಗ ಗೆದ್ದದ್ದನ್ನು ಬಿಟ್ಟು ಎರಡನೆಯದನ್ನು ನೋಡುವುದು ನನ್ನ ಅಭ್ಯಾಸವಾದದ್ದು ಹೀಗೆ.

ಕಾಯುವ ತಾಳ್ಮೆ ಇದ್ದವರಿಗೆ ಬಂಪರ್ ಕುದುರೆ ಸರಿ. ಇಲ್ಲದವರು ಸುಮ್ನೆ ಒಂದೇ ಇಟ್ಟುಕೊಳ್ಳಿ.

ಪಾಯಿಂಟ್-ಟು-ಪಾಯಿಂಟ್‌ನಿಂದ ಬಂದದ್ದು

ನನಗೆ ತುಂಬಾ ಇಷ್ಟವಾದ ಗುಂಪು ಇದು. ಪಾಯಿಂಟ್-ಟು-ಪಾಯಿಂಟ್ ಅಂದರೆ ಹೊಲದಲ್ಲಿ ನಡೆಯುವ ಹಳ್ಳಿ ರೇಸು. ಕಾರುಗಳನ್ನು ಕೆಸರಲ್ಲೇ ನಿಲ್ಲಿಸಿ, ಡಿಕ್ಕಿ ತೆಗೆದು ಫ್ಲಾಸ್ಕ್ ಟೀ ಕುಡಿಯುತ್ತಾ ನೋಡುತ್ತಾರೆ. ಸವಾರರು ಅಮೆಚೂರ್‌ಗಳು. ದೂರ ಸಾಮಾನ್ಯವಾಗಿ ಮೂರು ಮೈಲಿ, ನಿಜವಾದ ಫೆನ್ಸ್‌ಗಳು. ಬೇಲಿಯ ಪಕ್ಕ ಟ್ವೀಡ್ ಕೋಟು ಹಾಕಿ ನಿಂತು ಕುದುರೆಯ ಕಾಲು, ಎದೆ, ನಡಿಗೆ ನೋಡುವ ಮುದುಕರನ್ನು ಕಂಡರೆ ನಮ್ಮ ದನದ ಜಾತ್ರೆಯಲ್ಲಿ ಹೋರಿಯ ಹಲ್ಲು ಹಿಡಿದು ನೋಡುವವರೇ ನೆನಪಾಗುತ್ತಾರೆ.

ಇದರ ಹಿಂದೆ ಒಂದು ವ್ಯಾಪಾರ ಇದೆ. ವೆಕ್ಸ್‌ಫರ್ಡ್ ಕಡೆಯ ಕಾಲಿನ್ ಬೋ ಅಂಥವರು ಮೂರು ವರ್ಷದ, ಇನ್ನೂ ತಡಿ ಹಾಕದ ಕುದುರೆಗಳನ್ನು ಮಾರಾಟದಲ್ಲಿ ಕೊಂಡು ತರುತ್ತಾರೆ. ಪಳಗಿಸಿ, ಹಾರಲು ಕಲಿಸಿ, ನಾಲ್ಕು ವರ್ಷಕ್ಕೆ ಒಂದು ಪಾಯಿಂಟ್ (ಈ ಹಳ್ಳಿ ರೇಸಿನ ಚಿಕ್ಕ ಹೆಸರು) ಓಡಿಸುತ್ತಾರೆ. ಗೆದ್ದರೆ ಕೆಲವೇ ದಿನಗಳಲ್ಲಿ ಚೆಲ್ಟನ್‌ಹ್ಯಾಮ್‌ನಂಥ ಕಡೆ ಹರಾಜು. ಎನ್ವಾಯ್ ಆಲೆನ್ 2018ರ ಫೆಬ್ರವರಿಯಲ್ಲಿ ಒಂದು ಪಾಯಿಂಟ್ ಗೆದ್ದು 4,00,000 ಪೌಂಡ್‌ಗೆ ಮಾರಾಟವಾಯಿತು. 2019ರ ಚಾಂಪಿಯನ್ ಬಂಪರ್, 2020ರ ಬ್ಯಾಲಿಮೋರ್, 2023ರ ರಯಾನೇರ್ ಚೇಸ್ ಗೆದ್ದಿತು. ಹನಿಸಕಲ್ ಎಂಬ ಹೆಣ್ಣು ಕುದುರೆ ಅದೇ 2018ರ ಏಪ್ರಿಲ್‌ನಲ್ಲಿ ಕಾರ್ಕ್‌ನ ಡ್ರೊಮಹೇನ್‌ನಲ್ಲಿ ಪಾಯಿಂಟ್ ಗೆದ್ದಿತು, 1,10,000 ಯೂರೋಗೆ ಹೋಯಿತು. ಟ್ರೇನರ್ ಹೆನ್ರಿ ಡಿ ಬ್ರಾಮ್‌ಹೆಡ್ ಲಾಯಕ್ಕೆ ಬಂದ ಮೇಲೆ ಮೊದಲ 16 ಓಟಗಳಲ್ಲಿ ಒಂದೂ ಸೋಲಲಿಲ್ಲ. ಆ ಸಾಲಿನಲ್ಲಿ ಎರಡು ಚಾಂಪಿಯನ್ ಹರ್ಡಲ್ ಸೇರಿವೆ.

ಹೆಣ್ಣು ಕುದುರೆಗೆ ಗಂಡು ಕುದುರೆಗಳ ಎದುರು 7 ಪೌಂಡ್ ತೂಕ ಕಮ್ಮಿ ಹೊರುವ ಅವಕಾಶವಿದೆ ಅನ್ನುವುದನ್ನೂ ಇಲ್ಲೇ ನೆನಪಿಡಿ. ಒಳ್ಳೆಯ ಹೆಣ್ಣು ಕುದುರೆ ಕಂಡರೆ ಅದನ್ನು ಬಿಡಬೇಡಿ.

ಬಂಪರ್ ಕುದುರೆಗೂ ಇದಕ್ಕೂ ಹೋಲಿಸಿದರೆ ಇಲ್ಲಿ ಒಂದು ಪ್ರಶ್ನೆಗೆ ಉತ್ತರ ಮೊದಲೇ ಸಿಕ್ಕಿರುತ್ತೆ. ಇದು ಹಾರುತ್ತೆ. ಮೂರು ಮೈಲಿ ಓಡುತ್ತೆ. ಗೊತ್ತಿಲ್ಲದ್ದು ವೇಗ. ಹೊಲದಲ್ಲಿ ಯಾವುದನ್ನು ಸೋಲಿಸಿತು ಅನ್ನುವುದು ಆ ಹೊತ್ತಿಗೆ ಯಾರಿಗೂ ಗೊತ್ತಿರುವುದಿಲ್ಲ. ಹಾಗಾಗಿ ಸೋತ ಕುದುರೆಗಳು ಆಮೇಲೆ ಏನು ಮಾಡಿದವು ಅಂತ ನೋಡಿ. ಹಿಂದೆ ಬಿದ್ದ ಮೂರು ಕುದುರೆಗಳೂ ಮುಂದೆ ಗೆದ್ದರೆ ಆ ಪಾಯಿಂಟ್ ಗಟ್ಟಿ.

ಬೆಲೆ ನೋಡಿ ಮರುಳಾಗಬೇಡಿ. ಸ್ಯಾಮ್‌ಕ್ರೋ 3,35,000 ಪೌಂಡ್ ಕುದುರೆ. 2018ರಲ್ಲಿ ಬ್ಯಾಲಿಮೋರ್ ಗೆದ್ದಾಗ ಇಡೀ ಐರ್ಲೆಂಡ್ ಇನ್ನು ಹತ್ತು ವರ್ಷ ಇದರದೇ ರಾಜ್ಯ ಅಂದುಕೊಂಡಿತ್ತು. ಆಮೇಲೆ ಸಿಕ್ಕಿದ್ದು ಚೆಲ್ಟನ್‌ಹ್ಯಾಮ್‌ನಲ್ಲಿ ಇನ್ನೊಂದು ಗೆಲುವು, 2020ರಲ್ಲಿ, ಅದೂ ಮೂಗಿನ ಅಂತರದಲ್ಲಿ. ಇತ್ತ ಹೆವಿಕ್ ಎಂಬ ಕುದುರೆಯನ್ನು ಕೊಂಡದ್ದು 850 ಯೂರೋಗೆ. ಒಂದು ಒಳ್ಳೆಯ ಫೋನಿನ ಬೆಲೆ! ಅದು 2022ರಲ್ಲಿ ಗಾಲ್ವೇ ಪ್ಲೇಟ್, 2023ರಲ್ಲಿ ಕೆಂಪ್ಟನ್‌ನ ಕಿಂಗ್ ಜಾರ್ಜ್ ಗೆದ್ದಿತು.

ಫ್ರಾನ್ಸಿನಿಂದ ಬಂದದ್ದು

ರೇಸ್ ಕಾರ್ಡಿನಲ್ಲಿ ಹೆಸರಿನ ಮುಂದೆ ‘ಎಫ್‌ಆರ್’ ಅಂತ ಇದ್ದರೆ ಅದು ಫ್ರಾನ್ಸಿನಲ್ಲಿ ಹುಟ್ಟಿದ್ದು. ಫ್ರೆಂಚರು ಮೂರು ವರ್ಷಕ್ಕೇ ಹಾರಿಸಲು ಶುರು ಮಾಡುತ್ತಾರೆ. ಹಾಗಾಗಿ ಇಲ್ಲಿಗೆ ಬರುವಾಗ ಅವು ಅರ್ಧ ಓದಿ ಮುಗಿಸಿರುತ್ತವೆ. ಚೆಲ್ಟನ್‌ಹ್ಯಾಮ್‌ನ ದೊಡ್ಡ ಚೇಸ್ ಆದ ಗೋಲ್ಡ್ ಕಪ್ ಅನ್ನು ಎರಡು ಸಲ ಗೆದ್ದ ಗ್ಯಾಲೋಪಾಂ ದೆ ಶಾಂ ಫ್ರೆಂಚ್ ಕುದುರೆ. ಅದಕ್ಕೂ ಮುಂಚೆ ಎರಡು ಗೆದ್ದ ಆಲ್ ಬೂಮ್ ಫೋಟೋ, 2022ರಲ್ಲಿ ಗೆದ್ದ ‘ಆ ಪ್ಲು ತಾರ್’, ಎಲ್ಲ ಅಲ್ಲಿಯವೇ.

ಇಲ್ಲೊಂದು ತಮಾಷೆಯ ಉಪಾಯ ಇದೆ. ನಮ್ಮಲ್ಲಿ ನಕ್ಷತ್ರ ನೋಡಿ ಹೆಸರಿನ ಮೊದಲ ಅಕ್ಷರ ಆರಿಸುವ ಹಾಗೆ, ಫ್ರಾನ್ಸಿನಲ್ಲಿ ಹುಟ್ಟಿದ ವರ್ಷಕ್ಕೆ ಒಂದು ಅಕ್ಷರ. 2016ಕ್ಕೆ ‘ಜಿ’, ಗ್ಯಾಲೋಪಾಂ. 2019ಕ್ಕೆ ‘ಜೆ’, ಜಾಸ್ಮಿನ್ ಡೆ ವೋ. 2020ಕ್ಕೆ ‘ಕೆ’, ಕೋಪೆಕ್ ಡೆ ಬೋರ್ಡ್. 2021ಕ್ಕೆ ‘ಎಲ್’, 2022ಕ್ಕೆ ‘ಎಮ್’. ಎಲ್ಲರೂ ಪಾಲಿಸುವುದಿಲ್ಲ. ಮ್ಯಾಜ್‌ಬರೋ 2020ರಲ್ಲಿ ಹುಟ್ಟಿದರೂ ‘ಎಮ್’. ಆದರೂ ಕಾರ್ಡ್ ನೋಡಿದ ತಕ್ಷಣ ವಯಸ್ಸು ಹೇಳಿ ಪಕ್ಕದವರನ್ನು ಬೆರಗುಗೊಳಿಸಲು ಸಾಕು.

ಈ ಗುಂಪಿನ ತೊಂದರೆ ಏನೆಂದರೆ ಬಂದ ಹೊಸದರಲ್ಲಿ ಕೆಲವಕ್ಕೆ ಇಲ್ಲಿನ ವೇಗ, ಇಲ್ಲಿನ ಹರ್ಡಲ್ ಎರಡೂ ಒಗ್ಗುವುದಿಲ್ಲ. ಸ್ಟೇಟ್ ಮ್ಯಾನ್ ಐರ್ಲೆಂಡಿನ ಮೊದಲ ಓಟದಲ್ಲೇ ಬಿದ್ದಿತು. ಅಲ್ಲಿಗೇ ಕೈ ಬಿಟ್ಟವರು 2022ರ ಕೌಂಟಿ ಹರ್ಡಲ್, 2024ರ ಚಾಂಪಿಯನ್ ಹರ್ಡಲ್ ಎರಡನ್ನೂ ಕಳೆದುಕೊಂಡರು. ಫ್ರೆಂಚ್ ಕುದುರೆಗೆ ಎರಡು ಓಟ ಕ್ಷಮೆ ಇರಲಿ.

ಜುವೆನೈಲ್ ಹರ್ಡಲರ್

ಇವು ಶರತ್ಕಾಲದಲ್ಲಿ ಮೂರು ವರ್ಷದವು, ಜನವರಿ 1ಕ್ಕೆ ಎಲ್ಲ ಕುದುರೆಗೂ ಒಂದೇ ದಿನ ಹುಟ್ಟುಹಬ್ಬವಾದ್ದರಿಂದ ಆಮೇಲೆ ನಾಲ್ಕು. ಕೆಲವು ಸಪಾಟು ಓಟದಿಂದ, ಕೆಲವು ಫ್ರಾನ್ಸಿನಿಂದ. ಗುರಿ ಚೆಲ್ಟನ್‌ಹ್ಯಾಮ್‌ನ ಟ್ರಯಂಫ್ ಹರ್ಡಲ್. ಬೇಗ ಫಲ ಬೇಕು ಅನ್ನುವವರಿಗೆ ಇದು ಸರಿ. ಐದು ತಿಂಗಳಲ್ಲಿ ಕಥೆ ಮುಗಿಯುತ್ತೆ. ಆದರೆ ಬೆನ್ನು ಹತ್ತುವುದೇ ಕಷ್ಟ. 2025ರ ಟ್ರಯಂಫ್ ಗೆದ್ದ ಪೊನಿರೋಸ್ ಅದಕ್ಕೆ ಮುಂಚೆ ಒಂದೇ ಒಂದು ಹರ್ಡಲ್ ರೇಸೂ ಓಡಿರಲಿಲ್ಲ. ಬೆಟ್ಟಿಂಗ್ ಬೆಲೆ ಒಂದಕ್ಕೆ ನೂರು. ಇಡೀ ಚಳಿಗಾಲ ಜುವೆನೈಲ್‌ಗಳನ್ನು ನೋಡಿ ಟಿಪ್ಪಣಿ ಬರೆದವರ ಮುಖ ಆ ದಿನ ನೋಡಬೇಕಿತ್ತು.

ಮರುವರ್ಷ ಇವುಗಳಲ್ಲಿ ಹಲವು ಮಂಕಾಗುತ್ತವೆ. ಟೈಗರ್ ರೋಲ್ ಮಾತ್ರ ಬೇರೆ. 2014ರಲ್ಲಿ ಟ್ರಯಂಫ್, 2018 ಮತ್ತು 2019ರಲ್ಲಿ ಗ್ರ್ಯಾಂಡ್ ನ್ಯಾಷನಲ್. ಅಂಥದ್ದು ಸಿಗುವುದು ಅಪರೂಪ. ನನ್ನ ಐದರಲ್ಲಿ ಈ ಗುಂಪಿಗೆ ಜಾಗ ಇಲ್ಲ.

ಹೋದ ವರ್ಷದ ನಾವಿಸ್ ಹರ್ಡಲರ್, ಈ ವರ್ಷದ ನಾವಿಸ್ ಚೇಸರ್

ನಾವಿಸ್ ಅಂದರೆ ಆ ಬಗೆಯ ಓಟಕ್ಕೆ ಹೊಸದು. ಹೊಸಬರು ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ. ಇಲ್ಲಿಂದ ಶುರು ಮಾಡಿ.

ಯಾಕೆ ಅಂದರೆ ಈ ಕುದುರೆಯ ಬಗ್ಗೆ ನಿಮಗೆ ಆಗಲೇ ಅರ್ಧ ಗೊತ್ತು. ಹೋದ ಚಳಿಗಾಲ ಅದು ನಾಲ್ಕೈದು ಹರ್ಡಲ್ ರೇಸ್ ಓಡಿದೆ. ಯಾವ ದೂರ, ಯಾವ ನೆಲ, ಯಾರ ಎದುರು, ಎಲ್ಲ ದಾಖಲಾಗಿದೆ. ಉಳಿದದ್ದು ಒಂದೇ ಪ್ರಶ್ನೆ: ದೊಡ್ಡ ಫೆನ್ಸ್ ಹಾರುತ್ತಾ? ಹರ್ಡಲ್ ಅಂದರೆ ಮೂರೂವರೆ ಅಡಿ, ತಗುಲಿದರೆ ಬಾಗುತ್ತೆ. ಫೆನ್ಸ್ ನಾಲ್ಕೂವರೆ ಅಡಿ, ಬಾಗುವುದಿಲ್ಲ. ಆ ಪ್ರಶ್ನೆಗೆ ಉತ್ತರ ಕಣ್ಣಿಗೆ ಕಾಣುತ್ತೆ, ಲೆಕ್ಕ ಹಾಕಬೇಕಾಗಿಲ್ಲ. ಅಕ್ಟೋಬರ್, ನವೆಂಬರ್‌ನ ‘ಬಿಗಿನರ್ಸ್ ಚೇಸ್’ ಅನ್ನುವ ರೇಸ್‌ಗಳನ್ನು ನೋಡಿ. ಫೆನ್ಸ್ ಬಂದಾಗ ಕುದುರೆ ಹೆಜ್ಜೆ ಕಡಿಮೆ ಮಾಡಿ ಅಳೆಯುತ್ತಾ, ಅಥವಾ ದೂರದಿಂದಲೇ ಎದ್ದು ಹಾರುತ್ತಾ? ಇಳಿದ ಮೇಲೆ ಓಟ ನಿಲ್ಲುತ್ತಾ, ಮುಂದುವರಿಯುತ್ತಾ? ಎಡಕ್ಕೆ ಬಲಕ್ಕೆ ವಾಲುತ್ತಾ? ಗೇಲಿಕ್ ವಾರಿಯರ್ ಬಲಕ್ಕೆ ವಾಲುವ ಕುದುರೆ ಅಂತ ಹೆಸರುವಾಸಿ. ಫೇರಿಹೌಸ್, ಪಂಚ್‌ಸ್ಟೌನ್ ಬಲಕ್ಕೆ ತಿರುಗುವ ಟ್ರ್ಯಾಕ್‌ಗಳು, ಅಲ್ಲಿ ಅದು ತೊಂದರೆ ಅಲ್ಲ. ಲೆಪರ್ಡ್ಸ್‌ಟೌನ್, ನ್ಯಾವನ್, ಚೆಲ್ಟನ್‌ಹ್ಯಾಮ್ ಎಡಕ್ಕೆ. ಅದು 2024ರ ಆರ್ಕಲ್ ಚೇಸ್ ಗೆದ್ದದ್ದು ಎಡಕ್ಕೆ ತಿರುಗುವ ಚೆಲ್ಟನ್‌ಹ್ಯಾಮ್‌ನಲ್ಲೇ! ನಿಯಮ ಬರೆದ ಕೂಡಲೇ ಕುದುರೆ ಅದನ್ನು ಮುರಿಯುತ್ತೆ.

ಹರ್ಡಲ್‌ನಲ್ಲಿ ಮೆರೆದದ್ದೆಲ್ಲ ಫೆನ್ಸ್‌ನಲ್ಲಿ ಮೆರೆಯುವುದಿಲ್ಲ. ಬ್ಯಾಲಿಬರ್ನ್ ನೋಡಿ. 2023ರ ಡಿಸೆಂಬರ್‌ನಲ್ಲಿ ಫೇರಿಹೌಸ್‌ನಲ್ಲಿ ಫೈರ್‌ಫಾಕ್ಸ್ ಎದುರು ಸೋತಿತು. ಆಮೇಲೆ ಆ ಚಳಿಗಾಲ ಪೂರ್ತಿ ಅದರದೇ. ಚೆಲ್ಟನ್‌ಹ್ಯಾಮ್ ಕೂಡ ಗೆದ್ದಿತು. ಮರುವರ್ಷ ಫೆನ್ಸ್‌ಗೆ ಬಂದು ಡಬ್ಲಿನ್ ಫೆಸ್ಟಿವಲ್‌ನಲ್ಲಿ ಗೆದ್ದರೂ, ಮಾರ್ಚ್‌ನಲ್ಲಿ ಬ್ರೌನ್ ಅಡ್ವೈಸರಿ ಚೇಸ್ ಗೆದ್ದದ್ದು ಅದೇ ಮಲ್ಲಿನ್ಸ್ ಲಾಯದ ಲೆಕಿ ವಾಟ್ಸನ್, ಯಾರೂ ಅಷ್ಟಾಗಿ ಮಾತಾಡದ ಕುದುರೆ. ಇನ್ನು ಹರ್ಡಲ್ ಅನ್ನೇ ಬಿಟ್ಟು ನೇರ ಫೆನ್ಸ್‌ಗೆ ಹೋಗುವವೂ ಇವೆ. ಫ್ಯಾಕ್ಟ್ ಟು ಫೈಲ್ 2023ರ ಚಾಂಪಿಯನ್ ಬಂಪರ್‌ನಲ್ಲಿ ಎರಡನೆಯದು. ಮರುವರ್ಷ ನೇರ ಚೇಸ್. ಮೊದಲದರಲ್ಲಿ ಸೋಲು, ಮಾರ್ಚ್‌ನಲ್ಲಿ ಬ್ರೌನ್ ಅಡ್ವೈಸರಿ ಗೆಲುವು. ಹಿಂದೆ ಫ್ಲೋರಿಡಾ ಪರ್ಲ್ ಕೂಡ ಇದೇ ದಾರಿ ಹಿಡಿದಿತ್ತು.

ಬಿದ್ದರೆ? ಬಿದ್ದ ಕಾರಣ ನೋಡಿ. ಗ್ಯಾಲೋಪಾಂ 2022ರ ಮಾರ್ಚ್‌ನಲ್ಲಿ ಎಲ್ಲರಿಗಿಂತ ಎಷ್ಟೋ ಮುಂದೆ ಇದ್ದು ಕೊನೆಯ ಫೆನ್ಸ್‌ನಲ್ಲಿ ಬಿದ್ದಿತು. ಆ ಬೀಳುವಿಕೆಯನ್ನು ನೋಡಿ ಅದನ್ನು ಪಟ್ಟಿಯಿಂದ ತೆಗೆದವರು ಯಾರಾದರೂ ಇದ್ದರೆ ಪಾಪ.

ಕುದುರೆಯನ್ನೇ ನೋಡಬೇಕೋ, ಲಾಯವನ್ನೋ?

ಇದು ಇನ್ನೊಂದು ಆಯ್ಕೆ. ಕಾರ್ಲೋದ ಕ್ಲೋಸಟನ್‌ನಲ್ಲಿರುವ ಮಲ್ಲಿನ್ಸ್ ಲಾಯದಲ್ಲಿ ಎಷ್ಟು ಒಳ್ಳೆಯ ಎಳೆ ಕುದುರೆಗಳಿವೆ ಅಂದರೆ ಅವುಗಳಲ್ಲಿ ಯಾವುದು ಉತ್ತಮ ಅಂತ ಮಾರ್ಚ್ ತನಕ ಅವರಿಗೂ ಪೂರ್ತಿ ಗೊತ್ತಿರುವುದಿಲ್ಲವೇನೋ. ಒಂದಕ್ಕೊಂದು ಎದುರಾಗದ ಹಾಗೆ ಬೇರೆ ಬೇರೆ ರೇಸಿಗೆ ಹಂಚುತ್ತಾರೆ. ನೀವು ಮೆಚ್ಚಿದ ಕುದುರೆ ಯಾವ ದಿನ, ಎಲ್ಲಿ ಓಡುತ್ತೆ ಅನ್ನುವುದು ಕೊನೆಯ ತನಕ ಗುಟ್ಟು. ಹಲವು ಕುದುರೆಗಳು ಕ್ರಿಸ್‌ಮಸ್ ಹತ್ತಿರವೇ ಹೊರಗೆ ಬರುವುದು. ಲಾಯದ ಮುಖ್ಯ ಸವಾರ ಪಾಲ್ ಟೌನೆಂಡ್ ಯಾವುದರ ಮೇಲೆ ಕೂತಿದ್ದಾರೆ ಅಂತ ನೋಡುವುದು ಒಂದು ಸುಳಿವು. ಆದರೆ ಪೊನಿರೋಸ್ ಮೇಲೆ ಇದ್ದದ್ದು ಅವರಲ್ಲ.

ಮೀತ್‌ನ ಗಾರ್ಡನ್ ಎಲಿಯಟ್ ಲಾಯದವು ಬೇಗ ಕಾಣಿಸಿಕೊಳ್ಳುತ್ತವೆ, ಡೌನ್ ರಾಯಲ್‌ನಲ್ಲೇ ಶುರು. ನವೆಂಬರ್‌ನಲ್ಲೇ ಏನಾದರೂ ನೋಡಬೇಕು ಅನ್ನುವವರಿಗೆ ಅದು ಒಳ್ಳೆಯದು. ವಾಟರ್‌ಫರ್ಡ್‌ನ ಡಿ ಬ್ರಾಮ್‌ಹೆಡ್ ಕುದುರೆಗಳಿಗೆ ಹಾರುವುದನ್ನು ಕಲಿಸುವುದರಲ್ಲಿ ಗಟ್ಟಿ. 2021ರ ಗೋಲ್ಡ್ ಕಪ್‌ನ ಮೊದಲ ಎರಡು ಕುದುರೆ, ಅದೇ ವರ್ಷದ ಗ್ರ್ಯಾಂಡ್ ನ್ಯಾಷನಲ್, ಎಲ್ಲ ಅವರದೇ. ಗ್ಯಾವಿನ್ ಕ್ರಾಮ್‌ವೆಲ್ 2025ರಲ್ಲಿ ಇನ್‌ಅದವೇಯರ್‌ಥಿಂಕಿನ್‌ನಿಂದ ಗೋಲ್ಡ್ ಕಪ್ ಗೆದ್ದರು.

ನನಗೆ ಮಾತ್ರ ಸಣ್ಣ ಲಾಯದ ಒಂದು ಕುದುರೆ ಯಾವಾಗಲೂ ಬೇಕು. ಕಿಲ್ಡೇರ್‌ನ ಬ್ಯಾರಿ ಕಾನೆಲ್ ಅವರ ಮರೀನ್ ನಾಸ್ಯೊನಾಲ್ ಅಂಥದ್ದು. ಅಂಥ ಕಡೆ ಎದುರಾಳಿ ಮನೆಯೊಳಗೆ ಇರುವುದಿಲ್ಲ. ಕುದುರೆ ಓಡಬೇಕಾದ ರೇಸಿನಲ್ಲೇ ಓಡುತ್ತೆ. 2022ರ ಕೊನೆಯಲ್ಲಿ ಫೇರಿಹೌಸ್‌ನ ರಾಯಲ್ ಬಾಂಡ್, 2023ರ ಮಾರ್ಚ್‌ನಲ್ಲಿ ಚೆಲ್ಟನ್‌ಹ್ಯಾಮ್‌ನ ಸುಪ್ರೀಮ್ ಹರ್ಡಲ್ ಗೆದ್ದಿತು, ಎರಡರಲ್ಲೂ ಸವಾರ ಎಳೆಯ ಹುಡುಗ ಮೈಕಲ್ ಒ'ಸಲಿವನ್. 2025ರ ಫೆಬ್ರವರಿಯಲ್ಲಿ ಥರ್ಲ್ಸ್‌ನಲ್ಲಿ ಬಿದ್ದು ಅವರು ತೀರಿಕೊಂಡರು. 24 ವರ್ಷ. ಮರು ತಿಂಗಳು ಅದೇ ಕುದುರೆ ಚೆಲ್ಟನ್‌ಹ್ಯಾಮ್‌ನಲ್ಲಿ ಚಾಂಪಿಯನ್ ಚೇಸ್ ಗೆದ್ದಾಗ ಸ್ಟ್ಯಾಂಡಿನಲ್ಲಿ ಅತ್ತವರು ಎಷ್ಟೋ ಜನ. ಈ ಆಟದಲ್ಲಿ ಕುದುರೆಯನ್ನು ಮೆಚ್ಚುವುದು ಅಂದರೆ ಅದರ ಮೇಲೆ ಕೂತವರನ್ನೂ ಸೇರಿಸಿಯೇ.

ಹಾಗಾದರೆ ನನ್ನ ಐದು ಹೇಗೆ? ಎರಡು ಜಾಗ ಫೆನ್ಸ್‌ಗೆ ಬರುವ ಹೋದ ವರ್ಷದ ಹರ್ಡಲರ್‌ಗಳಿಗೆ, ಅದರಲ್ಲಿ ಒಂದು ಸಣ್ಣ ಲಾಯದ್ದು. ಒಂದು ಪಾಯಿಂಟ್ ಗೆದ್ದು ಈಗ ಮೇಡನ್ ಹರ್ಡಲ್‌ಗೆ ಬರುವ ಕುದುರೆಗೆ, ಸಾಧ್ಯವಾದರೆ ಹೆಣ್ಣು. ಒಂದು ಬಂಪರ್ ಕುದುರೆಗೆ, ಅದರಿಂದ ಈ ವರ್ಷ ಏನೂ ನಿರೀಕ್ಷೆ ಇಲ್ಲದೆ. ಐದನೆಯ ಜಾಗ ಡಿಸೆಂಬರ್ ಕೊನೆ ತನಕ ಖಾಲಿ. ಲೆಪರ್ಡ್ಸ್‌ಟೌನ್‌ನ ಆ ನಾಲ್ಕು ದಿನಗಳಲ್ಲಿ ಫ್ರಾನ್ಸಿನ ಯಾವುದೋ ಕುದುರೆ, ಯಾರೂ ಹೆಸರು ಹೇಳದ್ದು, ಮೇಡನ್ ಹರ್ಡಲ್‌ನಲ್ಲಿ ಎರಡನೆಯದಾಗಿ ಬರುತ್ತೆ. ಆಗ ಪೆನ್ಸಿಲ್ ತೆಗೆಯುತ್ತೇನೆ.